ಒಡೆಯದೆ ಹೊಸದಾಗುವ ಬಚ್ಚಲುಮನೆ: ಕೆಲಸದ ಕ್ರಮ ಮತ್ತು ಖರ್ಚಿನ ಲೆಕ್ಕ

ಮನೆಯಲ್ಲಿ ಮದುವೆ, ಮುಂಜಿ ಮೊದಲಾದ ಶುಭಕಾರ್ಯಗಳು ಗೊತ್ತಾದೊಡನೆ ಸುಣ್ಣ-ಬಣ್ಣದ ಮಾತು ಏಳುವುದು ಸಹಜ. ಅದರ ಬೆನ್ನಿಗೇ ಬಚ್ಚಲುಮನೆಯ ಮಾತೂ ಬರುತ್ತದೆ. ಬೀಗರು ಬಂದು ಇಳಿದುಕೊಳ್ಳುವ ಮನೆಯಲ್ಲಿ ಹಳದಿಗಟ್ಟಿದ ಟೈಲು, ತೊಟ್ಟಿಕ್ಕುವ ನಲ್ಲಿ, ಪೊರೆ ಎದ್ದ ಛಾವಣಿ ಇದ್ದರೆ ಮನೆಯವರಿಗೆಲ್ಲ ಮುಜುಗರ. ಆಗ ಮೇಸ್ತ್ರಿಯನ್ನು ಕರೆಸಿ ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: "ಪೂರ್ತಿ ಒಡೆದು ಹೊಸದಾಗಿ ಮಾಡಿಬಿಡೋಣ ಸಾರ್."

ಈ ಸಲಹೆಯನ್ನು ಒಪ್ಪಿಕೊಳ್ಳುವ ಮೊದಲು ಸ್ವಲ್ಪ ತಡೆದು ಯೋಚಿಸುವುದು ಲೇಸು. ನಮ್ಮಲ್ಲಿನ ಬಹುಪಾಲು ಹಳೆಯ ಬಚ್ಚಲುಮನೆಗಳನ್ನು ಒಡೆಯುವ ಅಗತ್ಯವಿರುವುದಿಲ್ಲ. ಸೋರಿಕೆಯನ್ನು ನಿಲ್ಲಿಸಿ, ಸಂದುಗಳನ್ನು ಮತ್ತೆ ತುಂಬಿ, ಬಣ್ಣ, ಬೆಳಕು, ಕನ್ನಡಿಗಳನ್ನು ಸರಿಪಡಿಸಿದರೆ ಅದೇ ಕೋಣೆ ಹೊಸದರಂತೆ ಕಾಣುತ್ತದೆ. ಇವೆಲ್ಲ ಚಿಕ್ಕ ಚಿಕ್ಕ ಕೆಲಸಗಳು. ಭಾನುವಾರಗಳಲ್ಲಿ ಒಂದೊಂದಾಗಿ ಮುಗಿಸಬಹುದಾದವು. ಆದರೆ ಇವುಗಳಿಗೊಂದು ಕ್ರಮವಿದೆ. ಆ ಕ್ರಮ ತಪ್ಪಿದರೆ ಹಾಕಿದ ಹಣ ನೀರಿನಲ್ಲಿ ಹೋಮ ಮಾಡಿದಂತೆ. ವ್ಯಾಪಾರಸ್ಥರ ಮಟ್ಟಿಗೆ ಇನ್ನೊಂದು ಪ್ರಶ್ನೆಯೂ ಇದೆ: ಈ ಹಣ ಯಾವ ಖಾತೆಯಿಂದ ಬರಬೇಕು? ಈ ಎರಡನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಒಡೆಯಬೇಕೇ, ಬೇಡವೇ? ಮೂರು ಪರೀಕ್ಷೆಗಳು

1980-90ರ ದಶಕದಲ್ಲಿ ಕಟ್ಟಿದ ಮನೆಗಳಲ್ಲಿ ಆರಂಗುಲದ ಬಿಳಿ ಹೊಳಪು ಟೈಲುಗಳನ್ನು ಗೋಡೆಗೆ ಮೂರು-ನಾಲ್ಕು ಅಡಿ ಎತ್ತರದವರೆಗೆ ಹಾಕಿ, ನೆಲಕ್ಕೆ ಮೊಸಾಯಿಕ್ ಮಾಡಿಸುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಶಹಾಬಾದ್ ಕಲ್ಲಿನ ನೆಲ, ಮಲೆನಾಡು-ಕರಾವಳಿಗಳಲ್ಲಿ ರೆಡ್ ಆಕ್ಸೈಡ್ ಬೆರೆಸಿದ ಸಿಮೆಂಟ್ ನೆಲ ಇಂದಿಗೂ ಅನೇಕ ಮನೆಗಳಲ್ಲಿವೆ. ಇವು ಹಳೆಯವು ಎಂಬ ಒಂದೇ ಕಾರಣಕ್ಕೆ ಕೆಟ್ಟಿವೆ ಎಂದು ತೀರ್ಮಾನಿಸಲಾಗದು. ಪರೀಕ್ಷಿಸಿ ನೋಡಬೇಕು.

ಮೊದಲನೆಯದು ನಾಣ್ಯದ ಪರೀಕ್ಷೆ. ನಾಣ್ಯದಿಂದ ಪ್ರತಿಯೊಂದು ಟೈಲನ್ನೂ ಮೆಲ್ಲಗೆ ತಟ್ಟಿರಿ. ಗಟ್ಟಿ ಶಬ್ದ ಬಂದರೆ ಟೈಲು ಗೋಡೆಯನ್ನು ಹಿಡಿದುಕೊಂಡಿದೆ. ಟೊಳ್ಳು ಶಬ್ದ ಬಂದರೆ ಹಿಂದಿನ ಗಾರೆ ಬಿಟ್ಟಿದೆ. ಅಲ್ಲೊಂದು ಇಲ್ಲೊಂದು ಟೊಳ್ಳಾಗಿದ್ದರೆ ಅವನ್ನಷ್ಟೇ ತೆಗೆದು ಕೂರಿಸಬಹುದು. ಅರ್ಧ ಗೋಡೆಯೇ ಟೊಳ್ಳಾಗಿದ್ದರೆ ಮಾತು ಬೇರೆ.

ಎರಡನೆಯದು ನೀರು ನಿಲ್ಲಿಸುವ ಪರೀಕ್ಷೆ. ನಹಾನಿ ಟ್ರ್ಯಾಪಿನ ಬಾಯಿಗೆ ಬಟ್ಟೆ ಬಿಗಿದು, ನೆಲದ ಮೇಲೆ ಒಂದಂಗುಲ ನೀರು ನಿಲ್ಲಿಸಿ, ಮಟ್ಟವನ್ನು ಗೋಡೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿ 24 ಗಂಟೆ ಬಿಡಬೇಕು. ಮಟ್ಟ ಗಮನಾರ್ಹವಾಗಿ ಇಳಿದಿದ್ದರೆ, ಅಥವಾ ಕೆಳಗಿನ ಕೋಣೆಯ ಛಾವಣಿಯಲ್ಲಿ ತೇವ ಕಾಣಿಸಿದರೆ ನೆಲದಲ್ಲಿ ಸೋರಿಕೆ ಇದೆ ಎಂದರ್ಥ.

ಮೂರನೆಯದು ಕೊಳವೆಯ ಪರೀಕ್ಷೆ. ರಾತ್ರಿ ಎಲ್ಲ ನಲ್ಲಿಗಳನ್ನೂ ನಿಲ್ಲಿಸಿ, ತಾರಸಿಯ ಟ್ಯಾಂಕಿನ ನೀರಿನ ಮಟ್ಟವನ್ನು ಗುರುತು ಮಾಡಿ, ಬೆಳಿಗ್ಗೆ ನೋಡಬೇಕು. ಯಾರೂ ಬಳಸದೆಯೇ ಮಟ್ಟ ಇಳಿದಿದ್ದರೆ ಫ್ಲಶ್ ಟ್ಯಾಂಕು, ನಲ್ಲಿ ಅಥವಾ ಗೋಡೆಯೊಳಗಿನ ಕೊಳವೆ ಸೋರುತ್ತಿರುತ್ತದೆ. ಹಳೆಯ ಮನೆಗಳಲ್ಲಿ ಗೋಡೆಯೊಳಗೆ ಹೂತ ಜಿ.ಐ. ಕೊಳವೆಗಳು ತುಕ್ಕು ಹಿಡಿದಿರುವುದು ಸಾಮಾನ್ಯ.

ಸ್ಲ್ಯಾಬಿನ ಮೂಲಕ ನೀರು ಇಳಿಯುತ್ತಿದ್ದರೆ, ಗೋಡೆಯೊಳಗಿನ ಕೊಳವೆ ಕೊರೆದುಹೋಗಿದ್ದರೆ, ನೆಲದ ಇಳಿಜಾರು ಬಾಗಿಲ ಕಡೆಗೇ ಇದ್ದರೆ ಒಡೆಯುವುದು ಅನಿವಾರ್ಯ. ಅಂಥಲ್ಲಿ ಮೇಲೆ ಬಣ್ಣ ಬಳಿಯುವುದು ವ್ಯರ್ಥ. ಇವಾವುವೂ ಇಲ್ಲದಿದ್ದರೆ ಒಡೆಯದೆಯೇ ಮುಂದುವರಿಯಬಹುದು.

ಕೆಲಸಗಳು ಮತ್ತು ಅವುಗಳ ಕ್ರಮ

1. ಸೋರಿಕೆ ನಿಲ್ಲಿಸುವುದು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿಯ ಲೆಕ್ಕ ಹಾಕಿ ನೋಡಿ. ಹನಿಯೊಂದಕ್ಕೆ ಕಾಲು ಮಿ.ಲೀ. ಎಂದು ಹಿಡಿದರೂ ದಿನಕ್ಕೆ 86,400 ಹನಿ, ಅಂದರೆ 21.6 ಲೀಟರ್, ವರ್ಷಕ್ಕೆ ಸುಮಾರು 7,900 ಲೀಟರ್. ಇದನ್ನು ತಡೆಯಲು ಬೇಕಾಗುವುದು ಅನೇಕ ವೇಳೆ ಒಂದು ವಾಷರ್ ಮಾತ್ರ. ಹಳೆಯ ಬಿಬ್ ಕಾಕುಗಳ ಹೊಳಪು ಹೋಗಿದ್ದರೆ ಇದೇ ಹೊತ್ತಿಗೆ ಬದಲಿಸಬಹುದು. ಮನೆಗಳಲ್ಲಿ ಬಳಸುವ ನಲ್ಲಿಗಳು ಸಾಮಾನ್ಯವಾಗಿ ಅರ್ಧ ಅಂಗುಲದ ಅಳತೆಯವೇ ಆದ್ದರಿಂದ ಗೋಡೆಯನ್ನು ಮುಟ್ಟದೆ ಹೊಸದನ್ನು ಕೂರಿಸಲಾಗುತ್ತದೆ.

ಹಳೆಯ ಫ್ಲಶ್ ಟ್ಯಾಂಕುಗಳು ಒಮ್ಮೆಗೆ 10 ಲೀಟರ್ ಸುರಿಯುತ್ತವೆ. ಎರಡು ಗುಂಡಿಯ ಟ್ಯಾಂಕುಗಳಲ್ಲಿ 3 ಮತ್ತು 6 ಲೀಟರಿನ ಆಯ್ಕೆ ಇದೆ. ಐದು ಜನರ ಮನೆಯಲ್ಲಿ ದಿನಕ್ಕೆ 20 ಬಾರಿ ಬಳಕೆ ಎಂದಿಟ್ಟುಕೊಂಡರೆ ಹಳೆಯದಕ್ಕೆ 200 ಲೀಟರ್. ಹೊಸದರಲ್ಲಿ 5 ಬಾರಿ ಪೂರ್ಣ, 15 ಬಾರಿ ಅರ್ಧ ಎಂದಾದರೆ 75 ಲೀಟರ್. ಟ್ಯಾಂಕರ್ ನೀರು ಕೊಳ್ಳುವ ಬಡಾವಣೆಗಳಲ್ಲಿ ಈ ವ್ಯತ್ಯಾಸವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಹಳೆಯ ಕಮೋಡು ಕಡಿಮೆ ನೀರಿನಲ್ಲಿ ತೊಳೆದುಹೋಗುತ್ತದೆಯೇ ಎಂಬುದನ್ನು ಪ್ಲಂಬರರಲ್ಲಿ ವಿಚಾರಿಸಿಯೇ ಟ್ಯಾಂಕು ಬದಲಿಸುವುದು ಒಳಿತು.

2. ಕಲೆ ತೆಗೆಯುವುದು. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಟೈಲು, ನಲ್ಲಿ, ಬಕೆಟ್ಟುಗಳೆಲ್ಲದರ ಮೇಲೂ ಬಿಳಿ ಉಪ್ಪು ಕಟ್ಟುತ್ತದೆ. ಅದಕ್ಕೆ ಅಂಗಡಿಯ ಆಸಿಡ್ ಸುರಿದು ಉಜ್ಜುವುದು ನಮ್ಮಲ್ಲಿನ ರೂಢಿ. ಆಸಿಡ್ ಉಪ್ಪನ್ನಷ್ಟೇ ಕರಗಿಸುವುದಿಲ್ಲ. ಟೈಲುಗಳ ನಡುವಿನ ಸಿಮೆಂಟನ್ನೂ ನಲ್ಲಿಯ ಕ್ರೋಮ್ ಲೇಪವನ್ನೂ ತಿನ್ನುತ್ತದೆ. ಶಹಾಬಾದ್ ಮತ್ತು ಕಡಪ ಕಲ್ಲುಗಳು ಸುಣ್ಣದ ಕಲ್ಲಿನ ಜಾತಿಗೆ ಸೇರಿದವು. ಅವುಗಳ ಮೇಲೆ ಆಸಿಡ್ ಬಿದ್ದರೆ ಹೊಳಪು ಹೋಗಿ ಕಲ್ಲು ಒರಟಾಗುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಬಾಗಿಲು ಮುಚ್ಚಿದ ಚಿಕ್ಕ ಕೋಣೆಯಲ್ಲಿ ಇದು ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಮನೆಗೆಲಸದವರಿಗೆ ಈ ವಿಷಯವನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು.

ಹೊಳಪು ಟೈಲಿಗೂ ನಲ್ಲಿಗೂ ನೀರು ಬೆರೆಸಿದ ವಿನೆಗರ್ ಅಥವಾ ನಿಂಬೆರಸ ಸಾಕು. ಕೆಲವು ನಿಮಿಷ ಬಿಟ್ಟು, ಮೃದುವಾದ ಬಟ್ಟೆಯಿಂದ ಒರೆಸಿ, ನೀರಿನಿಂದ ತೊಳೆಯಬೇಕು. ಕಲ್ಲಿನ ನೆಲಕ್ಕೆ ಹುಳಿಯ ಯಾವ ಪದಾರ್ಥವೂ ಸಲ್ಲದು; ಅದಕ್ಕೆ ಸಾಬೂನಿನ ನೀರೇ ಸರಿ.

3. ಸಂದು ತುಂಬುವುದು. ಬಚ್ಚಲುಮನೆ ಹಳೆಯದಾಗಿ ಕಾಣುವುದಕ್ಕೆ ಬಹಳಷ್ಟು ವೇಳೆ ಟೈಲು ಕಾರಣವಲ್ಲ. ಟೈಲುಗಳ ನಡುವಿನ ಕಪ್ಪಾದ ಸಂದು. ಬಿಳಿ ಸಿಮೆಂಟ್ ತುಂಬಿದ ಸಂದು ನೀರನ್ನು ಹೀರುತ್ತದೆ, ಬೂಷ್ಟು ಹಿಡಿಯುತ್ತದೆ, ಕ್ರಮೇಣ ಉದುರುತ್ತದೆ. ಹಳೆಯದನ್ನು ಗೀರುವ ಸಲಕರಣೆಯಿಂದ ಕನಿಷ್ಠ 2ರಿಂದ 3 ಮಿ.ಮೀ. ಆಳ ಕೆರೆದು, ಧೂಳು ತೆಗೆದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಎಪಾಕ್ಸಿ ಗ್ರೌಟ್ ತುಂಬಬೇಕು. ಎಪಾಕ್ಸಿ ನೀರು ಹೀರುವುದಿಲ್ಲ, ಕಲೆ ಹಿಡಿಯುವುದಿಲ್ಲ. ಆದರೆ ಅದು ಬೇಗ ಗಟ್ಟಿಯಾಗುವುದರಿಂದ ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಕಲಸಿಕೊಂಡು, ಟೈಲಿನ ಮೇಲೆ ಅಂಟಿದ್ದನ್ನು ಕೂಡಲೇ ಒರೆಸಬೇಕು. ಮುಗಿದ ಮೇಲೆ ಕನಿಷ್ಠ ಒಂದು ದಿನ ನೀರು ಬೀಳಬಾರದು.

ಗೋಡೆ ಮತ್ತು ನೆಲ ಕೂಡುವ ಮೂಲೆಗಳಿಗೆ, ವಾಷ್ ಬೇಸಿನ್ ಗೋಡೆಗೆ ತಾಗುವ ಅಂಚಿಗೆ ಗ್ರೌಟ್ ಬೇಡ. ಆ ಜಾಗಗಳು ಕೂದಲೆಳೆಯಷ್ಟು ಅಲುಗುತ್ತಿರುವುದರಿಂದ ಅಲ್ಲಿ ಬಿರುಕು ಬಿಡುತ್ತದೆ. ಬೂಷ್ಟು ನಿರೋಧಕ ಸಿಲಿಕಾನ್ ಸೀಲೆಂಟ್ ಅಲ್ಲಿಗೆ ಸೂಕ್ತ. ಈ ಒಂದು ಕೆಲಸದಿಂದಲೇ ಬಚ್ಚಲುಮನೆಯ ವಯಸ್ಸು ಹತ್ತು ವರ್ಷ ಇಳಿದಂತೆ ಕಾಣುವುದುಂಟು.

4. ಬಣ್ಣ. ಟೈಲಿನ ಮೇಲ್ಭಾಗದ ಗೋಡೆಯೂ ಛಾವಣಿಯೂ ಹಬೆಯಿಂದ ಪೊರೆ ಎದ್ದಿರುತ್ತವೆ. ಹಳೆಯ ಸುಣ್ಣ ಅಥವಾ ಡಿಸ್ಟೆಂಪರಿನ ಪದರವನ್ನು ಪೂರ್ತಿ ಕೆರೆದು ತೆಗೆಯದೆ ಮೇಲೆ ಎಮಲ್ಷನ್ ಬಳಿದರೆ, ಅದು ಕೆಳಗಿನ ಪದರದೊಡನೆಯೇ ಕಳಚಿಕೊಳ್ಳುತ್ತದೆ. ಬೂಷ್ಟು ಇರುವ ಜಾಗವನ್ನು ಬ್ಲೀಚಿಂಗ್ ನೀರಿನಿಂದ ತೊಳೆದು ಒಣಗಿಸಬೇಕು. ಮೊದಲೇ ಆಸಿಡ್ ಬಳಸಿದ್ದರೆ ಅದನ್ನು ನೀರಿನಿಂದ ಚೆನ್ನಾಗಿ ತೊಳೆದು, ಬೇರೊಂದು ದಿನ ಈ ಕೆಲಸಕ್ಕೆ ಕೈಹಾಕಬೇಕು. ಬಚ್ಚಲಿಗೆ ಸಿಮೆಂಟ್ ಆಧಾರಿತ ಪುಟ್ಟಿಯೇ ಬೇಕು. ಪ್ಲಾಸ್ಟರ್ ಆಫ್ ಪ್ಯಾರಿಸ್ ತೇವಕ್ಕೆ ತಡೆಯದು. ಅನಂತರ ಪ್ರೈಮರ್, ಅದರ ಮೇಲೆ ತೊಳೆಯಬಹುದಾದ ಬೂಷ್ಟು ನಿರೋಧಕ ಎಮಲ್ಷನ್ ಎರಡು ಕೋಟು.

ಎಷ್ಟು ಬಣ್ಣ ಬೇಕು? 8 ಅಡಿಗೆ 5 ಅಡಿಯ ಕೋಣೆಯ ಸುತ್ತಳತೆ 26 ಅಡಿ. ಟೈಲಿನ ಮೇಲೆ ಎರಡೂವರೆ ಅಡಿ ಗೋಡೆ ಉಳಿದಿದ್ದರೆ 65 ಚದರ ಅಡಿ, ಛಾವಣಿ 40 ಚದರ ಅಡಿ, ಒಟ್ಟು 105 ಚದರ ಅಡಿ. ಎರಡು ಕೋಟಿಗೆ ಎರಡು ಲೀಟರ್ ಸಾಕು. ಲೆಕ್ಕ ಹಾಕದೆ ಹೋದರೆ ನಾಲ್ಕು ಲೀಟರಿನ ಡಬ್ಬಿ ಮನೆಗೆ ಬಂದು, ಅರ್ಧ ಅಟ್ಟ ಸೇರುತ್ತದೆ. ಚಿಕ್ಕ ಕೋಣೆಯಲ್ಲಿ ಗೋಡೆಗೂ ಛಾವಣಿಗೂ ಒಂದೇ ತಿಳಿಬಣ್ಣ ಬಳಿದರೆ ಕೋಣೆ ವಿಶಾಲವಾಗಿ ತೋರುತ್ತದೆ. ಗಾಢ ಬಣ್ಣದ ಆಸೆ ಇದ್ದರೆ ಬಾಗಿಲಿಗೆ, ಟವೆಲ್ಲಿಗೆ, ಬಕೆಟ್ಟಿಗೆ ಇಟ್ಟುಕೊಳ್ಳಬಹುದು. ಬೇಸರವಾದಾಗ ಬದಲಿಸುವುದೂ ಸುಲಭ.

5. ಬೆಳಕು ಮತ್ತು ಗಾಳಿ. ಬಾಗಿಲ ಮೇಲೊಂದು ಬಲ್ಬು ಹಾಕಿ ಮುಗಿಸುವುದು ಹಿಂದಿನ ಪದ್ಧತಿ. ಅದರಿಂದ ಕನ್ನಡಿಯ ಮುಂದೆ ನಿಂತವರ ಮುಖದ ಮೇಲೆ ನೆರಳು ಬೀಳುತ್ತದೆ. ಕನ್ನಡಿಯ ಮೇಲೆ ಒಂದು, ಛಾವಣಿಗೆ ಒಂದು ಎಲ್.ಇ.ಡಿ. ದೀಪವಿದ್ದರೆ ಕೋಣೆಯ ಕಳೆಯೇ ಬದಲಾಗುತ್ತದೆ. ನೀರು ಸಿಡಿಯುವ ಜಾಗಕ್ಕೆ ಕನಿಷ್ಠ ಐಪಿ44 ಗುರುತಿನ ದೀಪವನ್ನೇ ಕೊಳ್ಳಬೇಕು. ಹಬೆ ಹೊರಗೆ ಹೋಗದಿದ್ದರೆ ಹೊಸ ಬಣ್ಣವೂ ಬೇಗನೆ ಪೊರೆ ಏಳುತ್ತದೆ. ಆದ್ದರಿಂದ ಕಿಟಕಿಯ ಒಂದು ಗಾಜು ತೆಗೆದು ಆರಂಗುಲದ ಎಕ್ಸಾಸ್ಟ್ ಫ್ಯಾನ್ ಕೂರಿಸುವುದನ್ನು ಅಲಂಕಾರದ ಖರ್ಚೆಂದು ಭಾವಿಸದೆ, ಬಣ್ಣದ ರಕ್ಷಣೆಯ ಖರ್ಚೆಂದು ಭಾವಿಸಬೇಕು.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಸ್ವಂತ ಕೈಚಳಕ ಬೇಡ. 2,000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕೆಟ್ ಕಾಯ್ದು ಕರಗುತ್ತದೆ. 16 ಆಂಪಿಯರಿನದೇ ಬೇಕು. ಭೂಸಂಪರ್ಕ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷೆ ಮಾಡಿಸಿ, 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿದರೆ ಶಾಕ್ ಹೊಡೆಯುವ ಸಂದರ್ಭದಲ್ಲಿ ವಿದ್ಯುತ್ ತಾನಾಗಿ ಕಡಿತವಾಗುತ್ತದೆ.

6. ಕನ್ನಡಿ, ಕಪಾಟು, ಕೊಕ್ಕೆ. ಕಿಟಕಿಯ ಎದುರಿಗೆ ಅಥವಾ ಪಕ್ಕದ ಗೋಡೆಗೆ ದೊಡ್ಡ ಕನ್ನಡಿ ಹಾಕಿದರೆ ಹಗಲಿನ ಬೆಳಕು ಇಮ್ಮಡಿಯಾದಂತೆ ತೋರುತ್ತದೆ. ಕನ್ನಡಿಯನ್ನು ಗೋಡೆಗೆ ಪೂರ್ತಿ ಅಂಟಿಸದೆ ಹಿಂಬದಿಯಲ್ಲಿ ಸ್ವಲ್ಪ ಗಾಳಿಯಾಡಲು ಬಿಡಬೇಕು. ಇಲ್ಲದಿದ್ದರೆ ಅಂಚು ಕಪ್ಪಾಗುತ್ತದೆ. ಹುಳಿ ವಾಸನೆಯ ಸಾಮಾನ್ಯ ಸಿಲಿಕಾನ್ ಕನ್ನಡಿಯ ಹಿಂಬದಿಯ ಲೇಪವನ್ನು ತಿನ್ನುವುದರಿಂದ, ನ್ಯೂಟ್ರಲ್ ಎಂದು ಬರೆದಿರುವ ಬಗೆಯನ್ನು ಕೇಳಿ ತರಬೇಕು. ಕಿಟಕಿಯ ಕಟ್ಟೆಯ ಮೇಲೆ ಎಣ್ಣೆ, ಶಾಂಪೂ, ಸೀಗೆಪುಡಿಗಳ ಸಂತೆ ನೆರೆದಿದ್ದರೆ ಎಷ್ಟು ಅಲಂಕಾರ ಮಾಡಿದರೂ ಕಾಣದು. ಮೂಲೆಗೊಂದು ಸ್ಟೀಲಿನ ಕಪಾಟು, ಬಾಗಿಲ ಹಿಂದೆ ನಾಲ್ಕು ಕೊಕ್ಕೆ, ಒಂದು ಟವೆಲ್ ಸರಳು ಇಷ್ಟಿದ್ದರೆ ಕೋಣೆಗೆ ಶಿಸ್ತು ಬರುತ್ತದೆ. ಟೈಲಿಗೆ ರಂಧ್ರ ಕೊರೆಯುವಾಗ ಆ ಜಾಗಕ್ಕೆ ಅಂಟುಪಟ್ಟಿ ಹಚ್ಚಿ, ಡ್ರಿಲ್ಲಿನ ಸುತ್ತಿಗೆಯ ಹೊಡೆತವನ್ನು ನಿಲ್ಲಿಸಿ ಮೆಲ್ಲಗೆ ಕೊರೆದರೆ ಟೈಲು ಸೀಳುವುದಿಲ್ಲ.

7. ಬಾಗಿಲು. ಮರದ ಬಾಗಿಲಿನ ಕೆಳಭಾಗ ನೀರು ಕುಡಿದು ಕೊಳೆಯುವುದು ಎಲ್ಲ ಮನೆಗಳ ಪಾಡು. ಇಡೀ ಬಾಗಿಲು ಬದಲಿಸುವ ಬದಲು ಕೊಳೆತ ಭಾಗವನ್ನು ಕತ್ತರಿಸಿ, ಹೊಸ ಪಟ್ಟಿ ಜೋಡಿಸಿ, ಕೆಳಗಿನ ಒಂದಡಿಗೆ ಒಳಗಡೆಯಿಂದ ಅಲ್ಯೂಮಿನಿಯಂ ತಗಡು ಹೊಡೆಸಿ ಎನಾಮಲ್ ಬಳಿದರೆ ಸಾಕಾಗುತ್ತದೆ.

8. ಹಿಡಿಕೆ ಮತ್ತು ಜಾರದ ನೆಲ. ಪಟ್ಟಿಯಲ್ಲಿ ಕೊನೆಯದಾದರೂ ಮಹತ್ವದಲ್ಲಿ ಇದು ಮೊದಲನೆಯದು. ನನ್ನ ಕಕ್ಷಿದಾರರಾದ ಕಿರಾಣಿ ಸಗಟು ವ್ಯಾಪಾರಿಯೊಬ್ಬರು ಮಗಳ ಮದುವೆಗೆಂದು ಬಚ್ಚಲುಮನೆಯನ್ನು ಪೂರ್ತಿ ಒಡೆಸಿ, ನೆಲಕ್ಕೂ ಗೋಡೆಗೂ ಹೊಳಪಿನ ವಿಟ್ರಿಫೈಡ್ ಟೈಲು ಹಾಕಿಸಿದರು. ನೋಡಿದವರೆಲ್ಲ ಹೋಟೆಲಿನಂತಿದೆ ಎಂದು ಹೊಗಳಿದರು. ಅವರ ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ಹೊಸ ನೆಲದ ಮೇಲೆ ಒಮ್ಮೆ ಕಾಲು ಜಾರಿ, ನಲ್ಲಿ ಹಿಡಿದುಕೊಂಡು ಉಳಿದ ಮೇಲೆ ಆ ಹಿರಿಯರು ಒಬ್ಬರೇ ಒಳಗೆ ಹೋಗುವುದನ್ನೇ ಬಿಟ್ಟರು. ಸೊಸೆ ಕೈಕೆಲಸ ಬಿಟ್ಟು ಬರುವವರೆಗೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾಯುತ್ತಾರೆ. ಅದಕ್ಕೆ ಮುಂಚೆ ಇದ್ದ ಒರಟು ಮೊಸಾಯಿಕ್ ನೆಲದ ಮೇಲೆ ಅವರು ಮೂವತ್ತು ವರ್ಷ ಯಾರ ನೆರವೂ ಇಲ್ಲದೆ ಸ್ನಾನ ಮಾಡಿದ್ದರು.

ಬಚ್ಚಲಿನ ನೆಲ ಹೊಳೆಯಬಾರದು. ಕಾಲಿಗೆ ಹಿಡಿತ ಕೊಡಬೇಕು. ಕಮೋಡಿನ ಪಕ್ಕದಲ್ಲೊಂದು, ಸ್ನಾನ ಮಾಡುವಲ್ಲೊಂದು ಸ್ಟೇನ್‌ಲೆಸ್ ಸ್ಟೀಲಿನ ಹಿಡಿಕೆ ಬೇಕು. ಎತ್ತರ ನೆಲದಿಂದ ಸುಮಾರು 85 ಸೆಂ.ಮೀ.; ಬಳಸುವ ಹಿರಿಯರನ್ನೇ ನಿಲ್ಲಿಸಿ ಅಳತೆ ತೆಗೆದುಕೊಂಡರೆ ಇನ್ನೂ ಉತ್ತಮ. ಹಿಡಿಕೆಯನ್ನು ಆಂಕರ್ ಬೋಲ್ಟುಗಳಿಂದ ಗಟ್ಟಿ ಗೋಡೆಗೇ ಬಿಗಿಯಬೇಕು. ಟೊಳ್ಳು ಟೈಲಿಗೆ ಬಿಗಿದ ಹಿಡಿಕೆ, ರಬ್ಬರ್ ಬಟ್ಟಲಿನಿಂದ ಅಂಟಿಸುವ ಹಿಡಿಕೆ ಇವೆರಡನ್ನೂ ನಂಬಿ ಮೈಭಾರ ಹಾಕುವಂತಿಲ್ಲ.

ಟೈಲಿನ ಮೇಲೆ ಟೈಲು

ಹಳೆಯ ಟೈಲು ಗಟ್ಟಿಯಿದ್ದು, ಬಣ್ಣವಷ್ಟೇ ಹಿಡಿಸದಿದ್ದರೆ ಅದರ ಮೇಲೆಯೇ ಹೊಸ ಟೈಲು ಅಂಟಿಸಬಹುದು. ಸಿಮೆಂಟ್ ಗಾರೆ ಹೊಳಪಿನ ಮೇಲ್ಮೈಯನ್ನು ಹಿಡಿಯುವುದಿಲ್ಲ. ಇದಕ್ಕೆಂದೇ ಇರುವ ಪಾಲಿಮರ್ ಬೆರೆತ ಅಂಟು ಬೇಕು. ಟೈಲು ಅಂಟುಗಳಿಗೆ ಐಎಸ್ 15477 ಎಂಬ ಭಾರತೀಯ ಮಾನಕವಿದೆ. ಚೀಲದ ಮೇಲೆ ಆ ಸಂಖ್ಯೆಯನ್ನೂ, ಟೈಲಿನ ಮೇಲೆ ಟೈಲು ಹಾಕಲು ಯೋಗ್ಯವೆಂಬ ಸೂಚನೆಯನ್ನೂ ನೋಡಿ ಕೊಳ್ಳಬೇಕು. ನೆಲಕ್ಕೆ ಹೀಗೆ ಮಾಡಿದರೆ ಮಟ್ಟ ಒಂದು ಸೆಂ.ಮೀ.ಗೂ ಮಿಕ್ಕಿ ಏರುತ್ತದೆ. ಬಾಗಿಲು ತೆರೆಯುತ್ತದೆಯೇ, ಹೊಸಿಲು ದಾಟಿ ನೀರು ಹೊರಗೆ ಬರುತ್ತದೆಯೇ ಎಂಬುದನ್ನು ಮೊದಲೇ ಅಳೆದು ನೋಡತಕ್ಕದ್ದು. ಗುಜರಾತಿನ ಮೋರ್ಬಿಯಿಂದ ಬರುವ ಟೈಲುಗಳಾಗಲಿ, ಬೇರೆ ಕಡೆಯವಾಗಲಿ, ಒಂದೇ ಹೆಸರಿನ ಟೈಲಿನ ಛಾಯೆ ಬ್ಯಾಚಿನಿಂದ ಬ್ಯಾಚಿಗೆ ವ್ಯತ್ಯಾಸವಾಗುತ್ತದೆ. ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ತಾಳೆ ನೋಡಿ, ಮುಂದಿನ ದುರಸ್ತಿಗಾಗಿ ಒಂದು ಪೆಟ್ಟಿಗೆ ಹೆಚ್ಚಾಗಿ ಕೊಂಡಿಡುವುದು ಜಾಣತನ.

ಒಂದು ಮಾದರಿ ಅಂದಾಜು

8 ಅಡಿಗೆ 5 ಅಡಿಯ ಬಚ್ಚಲುಮನೆಗೆ ಅಂದಾಜು ಪಟ್ಟಿ ಹೇಗಿರಬೇಕೆಂಬುದಕ್ಕೆ ಕೆಳಗಿನ ಮಾದರಿ ಕೊಡಲಾಗಿದೆ. ಇಲ್ಲಿನ ಮೊತ್ತಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ವಾಚಕರು ತಂತಮ್ಮ ಊರಿನ ದರಗಳನ್ನು ತುಂಬಿಕೊಳ್ಳಬೇಕು.

ನಲ್ಲಿ, ವಾಷರ್, ಪ್ಲಂಬರ್ ಕೂಲಿ: ರೂ. 4,500
ಕಲೆ ತೆಗೆಯುವುದು, ಗ್ರೌಟ್, ಸೀಲೆಂಟ್: ರೂ. 7,000
ಪುಟ್ಟಿ, ಪ್ರೈಮರ್, ಬಣ್ಣ: ರೂ. 3,500
ದೀಪ, ಎಕ್ಸಾಸ್ಟ್ ಫ್ಯಾನ್, ವೈರಿಂಗ್: ರೂ. 4,000
ಕನ್ನಡಿ, ಕಪಾಟು, ಕೊಕ್ಕೆ: ರೂ. 4,000
ಹಿಡಿಕೆ ಎರಡು: ರೂ. 3,000
ಬಾಗಿಲು ದುರಸ್ತಿ: ರೂ. 2,500
ಒಟ್ಟು: ರೂ. 28,500
ಅನಿರೀಕ್ಷಿತ ಖರ್ಚಿಗೆ ಶೇ. 15: ರೂ. 4,275
ಮಂಜೂರಾದ ಮೊತ್ತ: ರೂ. 32,775

ಕೊನೆಯ ಸಾಲನ್ನು ಗಮನಿಸಿರಿ. ಕಾರ್ಖಾನೆಯಲ್ಲಿ ಒಂದು ಯಂತ್ರ ಕೊಳ್ಳುವಾಗ ಮೂರು ಕೊಟೇಶನ್ ತರಿಸಿ, ಮಂಜೂರಾತಿ ಬರೆದಿಡುವ ನಾವು ಮನೆಯ ಕೆಲಸಕ್ಕೆ ಬಾಯಿಮಾತಿನ ಮೇಲೆ ಹಣ ಎಣಿಸುತ್ತೇವೆ. ಒಂದು ಹಾಳೆಯಲ್ಲಿ ಹೀಗೆ ಬರೆದು, ಪ್ರತಿ ಸಾಲಿನ ಮುಂದೆ ಆದ ಖರ್ಚನ್ನೂ ನಮೂದಿಸುತ್ತ ಹೋದರೆ ಕೆಲಸ ಕೈಮೀರುವುದಿಲ್ಲ. ಕೂಲಿಯನ್ನು ದಿನದ ಲೆಕ್ಕಕ್ಕಿಂತ ಕೆಲಸದ ಲೆಕ್ಕದಲ್ಲಿ ಗೊತ್ತುಮಾಡಿಕೊಂಡು, ಕೊನೆಯ ಕಂತನ್ನು ನೀರು ಹರಿಸಿ ನೋಡಿದ ಮೇಲೆ ಕೊಡುವುದು ಉಭಯತರಿಗೂ ಕ್ಷೇಮ.

ಹಣ ಯಾವ ಖಾತೆಯಿಂದ?

ಮೇಲೆ ಹೇಳಿದ ಕಿರಾಣಿ ವ್ಯಾಪಾರಿಗಳು ಬಚ್ಚಲುಮನೆಗೆ ಖರ್ಚು ಮಾಡಿದ್ದು ರೂ. 3,40,000. ಅದನ್ನು ಶ್ರಾವಣದಲ್ಲಿ ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಖಾತೆಯಿಂದ ತೆಗೆದರು. ಬಡ್ಡಿ ವಾರ್ಷಿಕ ಶೇ. 11 ಎಂದು ಹಿಡಿದರೆ ವರ್ಷಕ್ಕೆ ರೂ. 37,400, ಅಂದರೆ ಮೇಲಿನ ಅಂದಾಜಿನ ಇಡೀ ಮೊತ್ತಕ್ಕಿಂತ ಹೆಚ್ಚು. ದಸರಾ-ದೀಪಾವಳಿಯ ದಾಸ್ತಾನು ತುಂಬುವ ಹೊತ್ತಿಗೆ ಮಿತಿ ಮುಗಿದಿತ್ತು. ನಗದು ಖರೀದಿಗೆ ದೊರೆಯುತ್ತಿದ್ದ ಶೇ. 2ರ ರಿಯಾಯಿತಿ ಕೈತಪ್ಪಿ, ಉದ್ದರಿ ಮಾಲು ತರಬೇಕಾಯಿತು. ಬಚ್ಚಲುಮನೆಯ ನಿಜವಾದ ಬೆಲೆ ಮೇಸ್ತ್ರಿಯ ಬಿಲ್ಲಿನಲ್ಲಿ ಪೂರ್ತಿ ಕಾಣಿಸಲಿಲ್ಲ. ಉಳಿದದ್ದು ವರ್ಷಾಂತ್ಯದ ಲಾಭ-ನಷ್ಟದ ಪಟ್ಟಿಯಲ್ಲಿ ಕಾಣಿಸಿತು.

ಕ್ಯಾಷ್ ಕ್ರೆಡಿಟ್ ಸೌಲಭ್ಯ ದುಡಿಯುವ ಬಂಡವಾಳಕ್ಕೆಂದು ಕೊಟ್ಟದ್ದು. ಅದನ್ನು ಮನೆಯ ಕೆಲಸಕ್ಕೆ ತಿರುಗಿಸುವುದನ್ನು ಬ್ಯಾಂಕು ಹಣದ ದುರ್ಬಳಕೆಯೆಂದು ಪರಿಗಣಿಸಲು ಅವಕಾಶವಿದೆ. ಸಣ್ಣ ನವೀಕರಣದ ದೊಡ್ಡ ಗುಣವೆಂದರೆ ಅದು ಸಾಲ ಬೇಡುವುದಿಲ್ಲ. ತಿಂಗಳಿಗೊಂದು ಸಾಲಿನಂತೆ ಮನೆಖರ್ಚಿನ ಹಣದಲ್ಲಿಯೇ ಮುಗಿಯುತ್ತದೆ.

ತೆರಿಗೆಯ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳು

ಅ) ಸ್ವಂತ ಮನೆಯ ಬಚ್ಚಲುಮನೆಯ ಖರ್ಚು ವೈಯಕ್ತಿಕ ಖರ್ಚು. ಅದನ್ನು ಅಂಗಡಿಯ ದುರಸ್ತಿ ಖಾತೆಗೆ ಬರೆಯುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಾಗಲಿ, 2026ರ ಏಪ್ರಿಲ್ 1ರಿಂದ ಜಾರಿಗೆಂದು ಅಂಗೀಕೃತವಾದ 2025ರ ಕಾಯ್ದೆಯಲ್ಲಾಗಲಿ ವೈಯಕ್ತಿಕ ಖರ್ಚಿಗೆ ವ್ಯವಹಾರದ ಆದಾಯದಿಂದ ಕಡಿತವಿಲ್ಲ. ಮಾಲೀಕರಾದರೆ ಡ್ರಾಯಿಂಗ್ಸ್ ಖಾತೆಗೆ, ಪಾಲುದಾರರಾದರೆ ಅವರವರ ಬಂಡವಾಳ ಖಾತೆಗೆ ಖರ್ಚು ಹಾಕಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಯ ಹಣವನ್ನು ಶೇ. 10 ಅಥವಾ ಹೆಚ್ಚಿನ ಮತಾಧಿಕಾರವುಳ್ಳ ಷೇರುದಾರರು ಮನೆಗೆ ತಿರುಗಿಸಿದರೆ ಅದು ಲಾಭಾಂಶವೆಂದು ಪರಿಗಣಿತವಾಗುವ ಅಪಾಯವಿದೆ.

ಆ) 2017ರ ಜಿ.ಎಸ್.ಟಿ. ಕಾಯ್ದೆಯ 17(5) ಕಲಮಿನನ್ವಯ ವೈಯಕ್ತಿಕ ಬಳಕೆಯ ಸರಕಿಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಟೈಲು, ಹಾರ್ಡ್‌ವೇರ್ ವ್ಯಾಪಾರಿಗಳು ತಮ್ಮದೇ ದಾಸ್ತಾನಿನಿಂದ ಮನೆಗೆ ಮಾಲು ಒಯ್ದರೆ ಅದಕ್ಕೆ ಪಡೆದ ಜಮೆಯನ್ನು ಹಿಂದಿರುಗಿಸಿ, ಡ್ರಾಯಿಂಗ್ಸ್ ಎಂದು ತೋರಿಸತಕ್ಕದ್ದು.

ಇ) ಅಂಗಡಿಯ ಅಥವಾ ಕಾರ್ಖಾನೆಯ ಶೌಚಾಲಯದ ಮಾತು ಬೇರೆ. ಅಲ್ಲಿನ ದುರಸ್ತಿ ವ್ಯವಹಾರದ ಖರ್ಚು. ಅದನ್ನು ಕಟ್ಟಡದ ಮೌಲ್ಯಕ್ಕೆ ಸೇರಿಸದೆ ಚಾಲ್ತಿ ದುರಸ್ತಿಯೆಂದು ಬರೆದಿದ್ದರೆ ಜಿ.ಎಸ್.ಟಿ. ಜಮೆಗೂ ಅವಕಾಶವಿದೆ. ಎರಡೂ ಕಡೆಯ ಕೆಲಸವನ್ನು ಒಬ್ಬರೇ ಮೇಸ್ತ್ರಿಗೆ ವಹಿಸಿದ್ದರೆ ಬಿಲ್ಲುಗಳನ್ನು ಮಾತ್ರ ಬೇರೆ ಬೇರೆಯಾಗಿಯೇ ಪಡೆಯಬೇಕು.

ಈ) ಬಾಡಿಗೆಗೆ ಕೊಟ್ಟ ಮನೆಯಾದರೆ ಬಾಡಿಗೆಯ ಮೇಲೆ ಶೇ. 30ರ ಕಡಿತ ಹೇಗೂ ಇದೆ. ದುರಸ್ತಿಗೆ ಪ್ರತ್ಯೇಕ ಕಡಿತವಿಲ್ಲ. ಮನೆ ಮಾರುವಾಗ ಬಂಡವಾಳ ಸ್ವರೂಪದ ಸುಧಾರಣೆಯ ವೆಚ್ಚವನ್ನು ಕಳೆಯಬಹುದು. ಬಣ್ಣ, ಗ್ರೌಟ್, ವಾಷರುಗಳು ಆ ಗುಂಪಿಗೆ ಸೇರವು.

ಉ) ಸೆರಾಮಿಕ್ ಟೈಲು ಮತ್ತು ಸ್ಯಾನಿಟರಿ ಸಾಮಾನುಗಳ ಜಿ.ಎಸ್.ಟಿ. ದರ 2017ರ ನವೆಂಬರಿನಲ್ಲಿ, ಬಣ್ಣಗಳ ದರ 2018ರ ಜುಲೈನಲ್ಲಿ, ಸಿಮೆಂಟಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದವು. ಬಿಲ್ಲಿಲ್ಲದೆ ಕೊಂಡರೆ ಶೇ. 18 ಉಳಿಯಿತೆಂದು ಭಾವಿಸುವವರಿದ್ದಾರೆ. ಬಿಲ್ಲಿಲ್ಲದ ಗೀಸರಿಗೆ, ನಲ್ಲಿಗೆ ಖಾತರಿಯೂ ಇಲ್ಲ ಎಂಬುದು ಅವರಿಗೆ ಕೆಟ್ಟ ದಿನವೇ ತಿಳಿಯುತ್ತದೆ.

ನಮ್ಮ ವ್ಯಾಪಾರಿ ಬಂಧುಗಳಿಗೆ ಒಂದು ಸಲಹೆ

ಹಾರ್ಡ್‌ವೇರ್, ಬಣ್ಣ, ವಿದ್ಯುತ್ ಸಾಮಾನಿನ ವ್ಯಾಪಾರದಲ್ಲಿರುವ ಸದಸ್ಯರಿಗೆ ಇದರಲ್ಲೊಂದು ಅವಕಾಶವಿದೆ. ಗಿರಾಕಿ ಇಂದು ಗ್ರೌಟಿಗೊಂದು ಅಂಗಡಿ, ವಾಷರಿಗೊಂದು ಅಂಗಡಿ, ಹಿಡಿಕೆಗೆ ಮತ್ತೊಂದು ಅಂಗಡಿ ಅಲೆಯುತ್ತಾನೆ. ಒಂದು ಬಚ್ಚಲುಮನೆಗೆ ಬೇಕಾದ ಗ್ರೌಟ್, ಸೀಲೆಂಟ್, ಎರಡು ಲೀಟರ್ ಬಣ್ಣ, ಹಿಡಿಕೆಗಳನ್ನು ಒಂದೇ ಕಟ್ಟಾಗಿ, ಕನ್ನಡದಲ್ಲಿ ಮುದ್ರಿಸಿದ ಒಂದು ಹಾಳೆಯ ಸೂಚನೆಯೊಡನೆ ಕೊಟ್ಟು, ಕೂರಿಸಲು ನುರಿತ ಕೆಲಸಗಾರರನ್ನೂ ಸೂಚಿಸಿದರೆ ಗಿರಾಕಿ ಬೇರೆಡೆಗೆ ಹೋಗುವುದಿಲ್ಲ. ಸ್ಟೀಲ್ ಫ್ಯಾಬ್ರಿಕೇಶನ್ ಮಾಡುವ ಸಣ್ಣ ಉದ್ಯಮಿಗಳು ಹಿಡಿಕೆ ಮತ್ತು ಮೂಲೆ ಕಪಾಟುಗಳನ್ನು ತಮ್ಮ ಘಟಕದಲ್ಲಿಯೇ ತಯಾರಿಸುವ ಬಗ್ಗೆ ಯೋಚಿಸಬಹುದು. ಹಿರಿಯರಿರುವ ಮನೆಗಳು ಪ್ರತಿ ಬೀದಿಯಲ್ಲಿಯೂ ಇವೆ.

ಮೇಲಿನ ಎಂಟೂ ಕೆಲಸಗಳನ್ನು ಒಮ್ಮೆಲೇ ಕೈಗೊಳ್ಳಬೇಕಾಗಿಲ್ಲ. ಯಾವುದರಿಂದ ಆರಂಭಿಸುವುದೆಂದು ಕೇಳಿದರೆ, ಹಿರಿಯರಿರುವ ಮನೆಯಲ್ಲಿ ಹಿಡಿಕೆಯಿಂದ, ಉಳಿದೆಡೆ ಸೋರುವ ನಲ್ಲಿಯಿಂದ ಎಂಬುದೇ ನನ್ನ ಉತ್ತರ. ಕನ್ನಡಿ ಮತ್ತು ಬಣ್ಣಗಳು ಮುಂದಿನ ತಿಂಗಳವರೆಗೆ ಕಾಯಬಲ್ಲವು.